ಭೀಮಾ ದಂಡೆಯಲ್ಲಿ ಪ್ಲಾಸ್ಟಿಕ್ ಆರಿಸಿದ ರವಿವಾರಗಳು

ದನದ ಡಾಕ್ಟರಿಗೆ ನಗುವ ಪ್ರಸಂಗಗಳು ಹುಡುಕದೇ ಸಿಗುತ್ತವೆ. ಎಷ್ಟೋ ಸಲ ಅಳು ಬರುವ ಕಡೆಯೇ ಸಿಗುತ್ತವೆ, ಅದೊಂದೇ ತೊಂದರೆ. ತೊಂಬತ್ತರ ದಶಕದ ಮೊದಲಲ್ಲಿ ನಾನು ಮಾದನಹಿಪ್ಪರಗಾದಿಂದ ವರ್ಗವಾಗಿ ಅಫಜಲಪುರ ತಾಲೂಕಿನ ಭೀಮಾ ದಂಡೆಯ ಹಳ್ಳಿಯೊಂದಕ್ಕೆ ಬಂದೆ. ಆಗಷ್ಟೇ ಕ್ಯಾರಿಬ್ಯಾಗು ಹಳ್ಳಿಗಳಿಗೆ ಕಾಲಿಟ್ಟಿತ್ತು.

೧. ಸೊಲ್ಲಾಪುರ ಕಂಡ ಆಕಳು

ಒಬ್ಬ ಮುದುಕಿಯ ಆಕಳು ನಾಲ್ಕು ದಿನದಿಂದ ಮೇವು ಬಿಟ್ಟು, ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಔಷಧಕ್ಕೆ ಬಗ್ಗಲಿಲ್ಲ. ಕೊನೆಗೆ ಹೊಟ್ಟೆ ಕೊಯ್ದೆ. ಒಳಗೆ ಮೇವಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು. ನದಿ ದಂಡೆಯಲ್ಲಿ ಮೇಯುವಾಗ ನುಂಗಿದ್ದು. ಮುದುಕಿ ಆಕಳ ಕೊರಳು ತಬ್ಬಿ ನಿಂತು ಅಳುತ್ತಿದ್ದಳು. ಒಂದು ಚೀಲದ ಮೇಲೆ ಅಂಗಡಿಯ ಹೆಸರು ಇನ್ನೂ ಅಳಿಸಿರಲಿಲ್ಲ.

"ಏನ್ ಬರದಾರ್ರಿ ಅದರ ಮ್ಯಾಲ?" ಎಂದಳು.

"ಸೊಲ್ಲಾಪುರದ ಸೀರಿ ಅಂಗಡಿ, ಆಯಿ."

ಮುದುಕಿ ಕಣ್ಣೊರೆಸಿಕೊಂಡು ಆಕಳ ಮುಖ ನೋಡಿದಳು. "ನನಗ ಅರವತ್ತು ವರ್ಷಾತು, ಒಬ್ಬರೂ ಸೊಲ್ಲಾಪುರ ತೋರಿಸಿಲ್ಲ. ಇಕಿ ನನಗ ಹೇಳಲಾರದೇ ಹೋಗಿ ಸೀರಿ ತಗೊಂಡು ಬಂದಾಳ ನೋಡ್ರಿ!"

೨. ಕಳೆದದ್ದೇನು?

ಆ ಆಕಳು ಉಳಿಯಿತು. ಮುಂದಿನ ವಾರ ಹಾಗೆಯೇ ಪ್ಲಾಸ್ಟಿಕ್ ನುಂಗಿ ಬಂದ ಎಮ್ಮೆ ಉಳಿಯಲಿಲ್ಲ. ಗಬ್ಬದ ಎಮ್ಮೆ. ಅದರ ಒಡೆಯ ಬರೀ ಹಗ್ಗ ಸುತ್ತಿಕೊಂಡು ಹೋದದ್ದು ಬಹಳ ದಿನ ನನ್ನ ಕಣ್ಣಿಗೆ ಕಟ್ಟಿತ್ತು. ಹೊಟ್ಟೆ ಕೊಯ್ದು ತೆಗೆಯುವುದಕ್ಕಿಂತ ದಂಡೆಯಲ್ಲೇ ಆರಿಸುವುದು ಮೇಲು ಅನ್ನಿಸಿ, ಒಂದು ರವಿವಾರ ಶಾಲೆಯ ಡ್ರಿಲ್ ಮಾಸ್ತರರನ್ನು ಕರೆದುಕೊಂಡು ಹೊಳೆಗೆ ಇಳಿದೆ.

"ಏನ್ ಕಳಕೊಂಡೀರಿ ಡಾಕ್ಟರ್ ಸಾಹೇಬ್ರ?" ಎಂದು ಎಮ್ಮೆ ಮೈತೊಳೆಯುತ್ತಿದ್ದವನೊಬ್ಬ ಕೇಳಿದ.

"ಏನೂ ಇಲ್ಲಪ್ಪಾ. ಪ್ಲಾಸ್ಟಿಕ್ ಆರಸಾಕತ್ತೇನಿ."

ಅವನು ನಂಬಲಿಲ್ಲ. ಇಬ್ಬರು ನೌಕರದಾರರು ರಜೆಯ ದಿನ ಬಗ್ಗಿ ಕಸ ಆರಿಸುತ್ತಾರೆಂದರೆ ಕಳೆದದ್ದು ಬಂಗಾರವೇ ಇರಬೇಕು! ತಾಸಿನೊಳಗೆ ಅರ್ಧ ಊರು ಬಂತು. ಒಂದೊಂದು ಚೀಲವನ್ನೂ ಝಾಡಿಸಿ ನೋಡಿ ಬದಿಗೆ ಒಟ್ಟಿದರು. ಮಧ್ಯಾಹ್ನಕ್ಕೆ ದಂಡೆ ತೊಳೆದಿಟ್ಟಂತಾಯಿತು. "ಸಿಗಲಿಲ್ಲ, ಪಾಪ" ಎಂದು ನನಗೆ ಸಮಾಧಾನ ಹೇಳಿ ಹೋದರು.

ಮುಂದಿನ ರವಿವಾರ ಮತ್ತೆ ನಾವಿಬ್ಬರೇ. ಮಾಸ್ತರರು ನಡು ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಸಾಹೇಬ್ರ, ಇವತ್ತೂ ಏನರೆ ಕಳಕೊಳ್ಳೂನೇನ್ರಿ?"

೩. ಪ್ರಾಮಾಣಿಕ ಹೆಣ್ಣುಮಗಳು

ಮಳೆಗಾಲ ಹತ್ತಿರ ಬಂತು. ಹೊಳೆ ತುಂಬಿದರೆ ದಂಡೆಯ ಪ್ಲಾಸ್ಟಿಕ್ಕೆಲ್ಲ ತೇಲಿ ಕೆಳಗಿನ ಊರುಗಳ ದನಗಳ ಹೊಟ್ಟೆ ಸೇರುತ್ತದೆ. ಹಟ ಹಿಡಿದು ಒಂದು ದಿನ ಹನ್ನೆರಡು ಗೋಣಿಚೀಲ ತುಂಬಿ, ಬಾಯಿ ಕಟ್ಟಿಟ್ಟು, ಬಂಡಿ ತರಲು ಊರೊಳಗೆ ಹೋದೆವು.

ಮರಳಿ ಬಂದಾಗ ಒಂದೂ ಗೋಣಿಚೀಲವಿಲ್ಲ. ಪ್ಲಾಸ್ಟಿಕ್ಕೆಲ್ಲ ಮರಳಿನ ಮೇಲೆ ಗುಡ್ಡೆ. ಗಾಳಿಗೆ ಒಂದೊಂದೇ ಹಾರಿ ನೀರಿಗೆ ಬೀಳುತ್ತಿದೆ. ಮಾಸ್ತರರು ಓಡಿಹೋಗಿ ಗುಡ್ಡೆಯ ಮೇಲೆ ಕೈಕಾಲು ಚಾಚಿ ಬೋರಲು ಮಲಗಿಬಿಟ್ಟರು. ನಾನು ಪ್ಯಾಂಟು ಮೇಲೇರಿಸಿ ನೀರಿಗಿಳಿದೆ. ಆಚೆ ನೋಡಿದರೆ, ಬಂಡೆಯ ಮೇಲೆ ಒಬ್ಬ ಹೆಣ್ಣುಮಗಳು ನಮ್ಮ ಗೋಣಿಚೀಲಗಳನ್ನು ಒಗೆದು ಒಣಹಾಕುತ್ತಿದ್ದಾಳೆ!

"ಯಕ್ಕಾ, ಹಿಂಗ ಯಾಕ ಮಾಡಿದಿ? ಮುಂಜಾನಿಯಿಂದ ಕೂಡಿಸಿದ್ದು ಅದು!" ಎಂದು ಒದರಿದೆ.

ಕಳ್ಳತನ ಹೊರಿಸಿದೆನೆಂದು ಅವಳ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನನ್ನೆದುರಿಗೆ ಬಂದು ನಿಂತಳು.

"ಬಿಟ್ಟು ಹೋಗ್ಯಾರಂತ ಜ್ವಾಳ ತುಂಬಾಕ ಬರೀ ಚೀಲ ತಗೊಂಡೇನ್ರಿ, ಸಾಹೇಬ್ರ. ಒಳಗಿನ ನಿಮ್ಮ ಸಾಮಾನಕ್ಕ ಕೈ ಸೈತ ಹಚ್ಚಿಲ್ಲ. ನಂಬಿಗಿ ಇಲ್ಲಂದ್ರ ಎಣಿಸಿಕೊಳ್ರಿ!"