ಮಾಮನ ಹನಿ ಮಿಶಿನ್ನು

ನಮ್ಮ ಮಾಮನಿಗೆ ಇಡೀ ಹೈದರಾಬಾದಿನಲ್ಲಿ ಇದ್ದ ಶತ್ರು ಒಂದೇ: ನೀರಿನ ಹನಿ! ನೀರಿನ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಕೊಡದಲ್ಲಿದ್ದರೆ ಕುಡಿಯುತ್ತಿದ್ದ, ನಲ್ಲಿಯಲ್ಲಿ ಬಂದರೆ ಹಿಡಿಯುತ್ತಿದ್ದ. ಹನಿಯಾಗಿ ಬಿದ್ದರೆ ಮಾತ್ರ ಮೈಯೆಲ್ಲ ಉರಿ. ಒಂದೊಂದು ಹನಿಯೂ ತನ್ನ ಅಕ್ಕನ ಬಾಯಿಂದ ಒಂದೊಂದು ಮಾತು ಕದಿಯುತ್ತಿದೆ ಎನ್ನುವುದು ಅವನ ಫಿರ್ಯಾದು.

ಫಿರ್ಯಾದು ಸುಳ್ಳಲ್ಲ. ಮಾಮ ನನ್ನ ತಾಯಿಯ ತಮ್ಮ, ಮದುವೆಯಾದವನಲ್ಲ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ರೇಡಿಯೋ ಬಿಡಿಭಾಗ ಪರೀಕ್ಷಿಸುವ ಕೆಲಸ, ಕಾಚಿಗೂಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ಹಿಂದಿ, ಕೆಲಸದ ಬೆಂಚಿನ ಮುಂದೆ ತೆಲುಗು, ತರಕಾರಿಯವನ ಹತ್ತಿರ ಎರಡೂ ಕಲಸಿದ್ದು. ಕನ್ನಡಕ್ಕೆ ಅಂತ ಉಳಿದವಳು ಒಬ್ಬಳೇ: ಗಂಡ ಸತ್ತಮೇಲೆ ರಾಯಚೂರು ಕಡೆಯಿಂದ ಬಂದು ಜೊತೆಗಿದ್ದ ಅವನ ಅಕ್ಕ, ನನ್ನ ದೊಡ್ಡಮ್ಮ.

ನಾನು ಮೈಸೂರಿನಿಂದ ಬಂದು ಹಿಮಾಯತ್‌ನಗರದ ಆಫೀಸೊಂದರಲ್ಲಿ ಬಿದ್ದವನು, ಅವರ ಭಾನುವಾರದ ಊಟಕ್ಕೆ ತಪ್ಪದ ಅತಿಥಿ. "ಕನ್ನಡಕ್ಕೆ ನಾನಿಲ್ಲವೇ, ಮಾಮಾ?" ಎಂದು ಒಮ್ಮೆ ಕೇಳಿದೆ.

"ನಿಂದು ಪೇಪರಿನ ಕನ್ನಡಪಾ. ಓದಾಕ ಛಲೋ. ಜಗಳಾಡಾಕ ಬರಂಗಿಲ್ಲ!"

ಸರಿ, ಅಕ್ಕನೊಡನೆ ಜಗಳಾಡೋಣವೆಂದರೆ ಅವಳಿಗೆ ಬಿಡುವೆಲ್ಲಿ? ಶಿವಲಿಂಗದ ಮೇಲೆ ಲಕ್ಷ ಹನಿ ಬೀಳಿಸುವ ಹರಕೆ ಹೊತ್ತಿದ್ದಳು. ನಲ್ಲಿಗೆ ನೀರು ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಮಡಿಯಲ್ಲಿ ಹಿಡಿದು, ಬುಡದಲ್ಲಿ ಸಣ್ಣ ತೂತಿದ್ದ ತಾಮ್ರದ ತಂಬಿಗೆಗೆ ತುಂಬಿ, ಲಿಂಗದ ಮೇಲೆ ತೂಗುಹಾಕಿ ಕೂತಳೆಂದರೆ ಊಟದ ಹೊತ್ತಿನ ತನಕ ಎಣಿಕೆ. ನೂರು ಹನಿಗೆ ಒಂದು ಹುಣಸೆ ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ನಡುವೆ ಮಾತಾಡಿದರೆ ಆ ನೂರು ಹೋಯಿತು, ಮತ್ತೆ ಒಂದರಿಂದ! ಆರಕ್ಕೆ ಮನೆಗೆ ಬಂದ ಮಾಮ, "ಅಕ್ಕಾ, ಇವತ್ತ ಬಸ್ಸಿನ್ಯಾಗ ಏನಾತು ಅಂದ್ರ..." ಎನ್ನುವಷ್ಟರಲ್ಲಿ ಅವಳ ಅಂಗೈ ಮೇಲೇಳುತ್ತಿತ್ತು, ಚೌಕದ ಪೊಲೀಸನ ಹಾಗೆ. ಬಸ್ಸಿನಲ್ಲಿ ಏನಾಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಲಕ್ಷ ಮುಗಿದ ದಿನ ಮಾಮ ಪೇಢಾ ತಂದ. ಜಿಲೇಬಿಯೂ ಇರಬಹುದು, ಸಿಹಿಯ ವಿಷಯದಲ್ಲಿ ನನ್ನ ನೆನಪು ಧಾರಾಳವಾಗಿ ಸುಳ್ಳು ಹೇಳುತ್ತದೆ. ದೊಡ್ಡಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು, ಬೆರಳು ತೊಳೆದು, ಖಾಲಿ ಬಟ್ಟಲನ್ನು ಮುಂದಕ್ಕೆಳೆದುಕೊಂಡಳು.

"ಲಕ್ಷ ಆತು. ಇನ್ನ ಕೋಟಿ."

ಮರುದಿನವೇ ಮಾಮ ಹನಿ ಎಣಿಸುವ ಮಿಶಿನ್ನು ಕಟ್ಟಲು ಕೂತ. ಯಂತ್ರ ಎಣಿಸಿದರೆ ಅಕ್ಕನ ಬಾಯಿಗೆ ಬಿಡುವು. ಎಷ್ಟು ಸರಳ! ತಂಬಿಗೆಯ ತೂತಿನ ಕೆಳಗೆ ಎರಡು ತಂತಿ. ಹನಿ ಎರಡನ್ನೂ ತಾಕಿದ ಕೂಡಲೇ ಕರೆಂಟು ಹರಿದು ಕೌಂಟರಿನ ಅಂಕಿ ಒಂದು ಮುಂದೆ.

"ಮಡಿ ನೀರಿಗೆ ತಂತಿ ಮುಟ್ಟಸ್ತಿಯೇನೊ?"

"ತಂತಿಗೆ ಜಳಕಾ ಮಾಡಿಸೀನಕ್ಕಾ." ನಿಜ, ಮಾಡಿಸಿದ್ದ!

"ಕರೆಂಟಿಗೆ? ಅದು ಎಲ್ಲೆಲ್ಲಿ ಹಾದು, ಯಾರ್ಯಾರ ಮನಿ ಹೊಕ್ಕು ಬಂದೈತೋ!"

"ಇದು ಬ್ಯಾಟರಿ ಐತಿ. ಯಾರ ಮನಿಗೂ ಹೋಗಿಲ್ಲ."

"ಮತ್ತ ಅದರಾಗ ಹೆಂಗ ಬಂತು?"

ಹದಿನೆಂಟು ವರ್ಷ ಸರ್ವೀಸಿನ ಮಾಮ ಬ್ಯಾಟರಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ದೊಡ್ಡಮ್ಮ ಕೆಟ್ಟುಹೋದ ನೂರನ್ನು ಮತ್ತೆ ಒಂದರಿಂದ ಹಿಡಿದಳು. ಮಾಮ ನನ್ನನ್ನು ಹೊರಗೆ ಎಳೆದುಕೊಂಡು ಹೋದ. ಮುಖ ಅರಳಿತ್ತು.

"ಕೇಳಿದ್ಯಾ? ಮೂರು ಮಾತು ಆಡಿದ್ಲು!"

ಎರಡನೆಯ ಮಿಶಿನ್ನು ಹನಿಯನ್ನು ಮುಟ್ಟುವಂತಿರಲಿಲ್ಲ. ಮಾಮ ಹಳೆಯ ಟ್ರಾನ್ಸಿಸ್ಟರ್ ಒಂದರ ಗಾಜಿನ ಮೈಮೇಲಿದ್ದ ಕರಿ ಬಣ್ಣವನ್ನು ಬ್ಲೇಡಿನಿಂದ ಕೆರೆದ. ಬಣ್ಣ ಹೋದರೆ ಅದಕ್ಕೆ ಬೆಳಕು ತಿಳಿಯುತ್ತದಂತೆ. ಈಚೆ ಟಾರ್ಚಿನ ಬಲ್ಬು, ಆಚೆ ಕಣ್ಣು ಬಿಟ್ಟ ಟ್ರಾನ್ಸಿಸ್ಟರು, ನಡುವೆ ಬೀಳುವ ಹನಿ. ಅದರ ನೆರಳು ಹಾದರೆ ಕೌಂಟರು ಟಿಕ್.

"ಹನಿ ಮುಟ್ಟಂಗಿಲ್ಲಕ್ಕಾ, ನೆರಳಷ್ಟ."

ನೆರಳಲ್ಲೂ ಮೈಲಿಗೆ ಹುಡುಕಿ ಮನುಷ್ಯರನ್ನೇ ಬೀದಿಯಾಚೆ ನಿಲ್ಲಿಸಿದ ಜನ ನಾವು! ದೊಡ್ಡಮ್ಮ ಒಂದು ವಾರ ಯೋಚಿಸಿ, ಕೊನೆಗೆ ಒಪ್ಪಿ ತಲೆಯಾಡಿಸಿದಳು.

ಮೊದಲ ಸಂಜೆ ಟ್ಯೂಬ್‌ಲೈಟ್ ಹಾಕಿದ್ದೇ ತಡ, ಕೌಂಟರು ಗಡಗಡ ಓಡಿತು. ಟ್ಯೂಬ್‌ಲೈಟು ನಮ್ಮ ಕಣ್ಣಿಗೆ ಕಾಣದ ಹಾಗೆ ಮಿಟುಕುತ್ತಲೇ ಇರುತ್ತದೆ. ಮೈ ಕೆರೆಸಿಕೊಂಡ ಟ್ರಾನ್ಸಿಸ್ಟರು ಪ್ರತಿ ಮಿಟುಕನ್ನೂ ಹನಿಯೆಂದು ಎಣಿಸುತ್ತಿತ್ತು.

"ಹಿಂಗ ಬಿಟ್ರ ದಸರಾ ಬರೂದ್ರೊಳಗ ಕೋಟಿ ಮುಗೀತೈತಿ ನೋಡಕ್ಕಾ!"

"ದೇವರಿಗೆ ಟ್ಯೂಬ್‌ಲೈಟ್ ಅಭಿಷೇಕ ಮಾಡಾಕತ್ತಿಯೇನೊ?"

ಇದು ನಾಲ್ಕನೆಯ ಮಾತು. ಎಣಿಸುವ ಚಟ ಆ ಮನೆಯಲ್ಲಿ ಅಕ್ಕನೊಬ್ಬಳಿಗೇ ಇದ್ದದ್ದಲ್ಲ.

ಟ್ರಾನ್ಸಿಸ್ಟರಿಗೆ ಕರಿ ಕಾಗದದ ಕೊಳವೆ ಸುತ್ತಿ, ಟ್ಯೂಬ್‌ಲೈಟು ಆರಿಸಿದ ಮೇಲೆ ಮಿಶಿನ್ನು ಸರಿಯಾಯಿತು. ಆ ಭಾನುವಾರ ಮಾಮ ಇಸ್ತ್ರಿ ಅಂಗಿ ಹಾಕಿ, ತಾನೇ ಚಹಾ ಮಾಡಿ, ಅಕ್ಕನ ಎದುರು ಮಣೆ ಹಾಕಿಕೊಂಡು ಕೂತ. ಟಿಕ್. ಟಿಕ್.

"ಈಗ ಮಾತಾಡಕ್ಕಾ."

"ಏನಂತ ಮಾತಾಡ್ಲಿ?"

ಮಾಮನಿಗೂ ತಿಳಿಯಲಿಲ್ಲ. ಬಸ್ಸಿನ ಸಂಗತಿ ಹಳಸಿಹೋಗಿತ್ತು. ಅಷ್ಟು ದಿನ ಕೂಡಿಟ್ಟ ಮಾತು, ಬೇಕಾದಾಗ ಒಂದೂ ಕೈಗೆ ಸಿಗಲಿಲ್ಲ! ಚಹಾ ಆರಿತು. ನೋಡಿದರೆ ದೊಡ್ಡಮ್ಮನ ತುಟಿ ಅಲುಗುತ್ತಿತ್ತು.

"ಮತ್ತ ಎಣಸಾಕತ್ತಿಯೇನು?"

"ನಿನ್ನ ಮಿಶಿನ್ ತಪ್ಪಿದ್ರ ದೇವರಿಗೆ ಜವಾಬ್ ಕೊಡಾವ್ರು ಯಾರು? ನಾ ಬಾಯಿಲೆ ಎಣಸ್ತೀನಿ, ನೀ ಅದನ್ನ ನೋಡಿ ಹೇಳು. ಎರಡೂ ಒಂದ ಬರಬೇಕು."

ಹಿಮಾಯತ್‌ನಗರದ ತನಕ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಆಫೀಸಿನಲ್ಲಿ ತೆಲುಗಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಕೋಟಿ ಹನಿ ಎಣಿಸುವ ಅಕ್ಕ, ಅವಳನ್ನು ಬಿಡಿಸಲು ಮಿಶಿನ್ನು ಕಟ್ಟಿದ ತಮ್ಮ, ಮಿಶಿನ್ನನ್ನೇ ಎಣಿಸುವ ಅಕ್ಕ! ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಚೊಕ್ಕವಾಗಿರುತ್ತಿತ್ತು.

ಆಫೀಸಿನ ಕೆಲಸದಲ್ಲಿ ಸಿಕ್ಕಿಬಿದ್ದು ನಾಲ್ಕಾರು ವಾರ ನಾನು ಹೋಗಲಿಲ್ಲ. ಆಮೇಲೊಂದು ಸಂಜೆ ಬಾಳೆಹಣ್ಣು ಹಿಡಿದು ಹೋದೆ. ಬಾಗಿಲು ಅರೆ ತೆರೆದಿತ್ತು. ಒಳಗೆ ನಸುಗತ್ತಲು, ಟಾರ್ಚಿನ ಬಲ್ಬಿನದಷ್ಟೇ ಬೆಳಕು.

"ನಾಲ್ವತ್ತೇಳ," ಎಂದಳು ದೊಡ್ಡಮ್ಮ.

"ನಾಲ್ವತ್ತೇಳ," ಎಂದ ಮಾಮ.

ಒಂದು ಹನಿ.

"ನಾಲ್ವತ್ತೆಂಟ."

"ನಾಲ್ವತ್ತೆಂಟ."

ಏನೋ ಕಡಿಮೆಯಾಗಿದೆ ಅನ್ನಿಸಿತು. ಟಿಕ್ ಇರಲಿಲ್ಲ. ಕೌಂಟರಿನ ತಂತಿ ಕಳಚಿ ಪಕ್ಕಕ್ಕೆ ಬಿದ್ದಿತ್ತು, ಅಂಕಿ ಹನ್ನೆರಡರಲ್ಲಿ ನಿಂತಿತ್ತು. ಇಪ್ಪತ್ತೊಂದೂ ಇರಬಹುದು, ನನ್ನನ್ನು ನಂಬಬೇಡಿ. ತಂತಿ ಕಳಚಿದ್ದನ್ನು ಮಾತ್ರ ನಂಬಿ. ಮಾಮ ಅದರ ಕಡೆ ನೋಡುತ್ತಲೂ ಇರಲಿಲ್ಲ. ಅಕ್ಕನ ಬಾಯಿ ನೋಡುತ್ತಿದ್ದ. ಟಿಕ್ ನಿಂತದ್ದು ಅವಳಿಗೆ ತಿಳಿಯದೇ ಇದ್ದೀತೆ? ಪಕ್ಕದ ಮನೆಯ ಒಗ್ಗರಣೆ ಕೇಳಿ ಸಾಸಿವೆ ಹೆಚ್ಚಾಯಿತು ಎನ್ನುವ ಕಿವಿ ಅದು!

"ಮಾಮಾ, ನಿನ್ನ ತಂತಿ..." ಎಂದು ಬಾಯಿ ತೆರೆದೆ.

ಮಾಮ ಇತ್ತ ತಿರುಗಲೂ ಇಲ್ಲ. ಥೇಟ್ ದೊಡ್ಡಮ್ಮನ ಹಾಗೆ ಅಂಗೈ ಎತ್ತಿದ.

ಬಾಳೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತೆ. ಆ ವಾರವೆಲ್ಲ ನಾನು ಯಾರೊಡನೆಯೂ ಕನ್ನಡ ಆಡಿರಲಿಲ್ಲ ಎಂಬುದು ಆಗ ಹೊಳೆಯಿತು. ನೂರು ತುಂಬಲು ಇನ್ನೂ ಐವತ್ತೆರಡು ಹನಿ ಇತ್ತು. ಕಾದೆ.