ಹೊಸತು ಊಟಕ್ಕೆ ಅಡ್ಡ ಬಂದ ಅಮೆರಿಕ

ಇಂದ,
ಸುಭಾಷಿಣಿ, ವಯಸ್ಸು 54,
ರಾಮದಾಸರ ಪತ್ನಿ, ವಿಜಯೀಂದ್ರರ ತಂಗಿ,
ಅರ್ಜಿ ಟೈಪ್ ಮಾಡುವವರು, ವೆರೊನಿಕಾ ಜೆರಾಕ್ಸ್,
ಕಾಪು, ಉಡುಪಿ ಜಿಲ್ಲೆ.

ಗೆ,
ಸಂಬಂಧಪಟ್ಟ ಅಧಿಕಾರಿಗಳು,
ಬೆಂಬಲಿಗರು ಮತ್ತು ವಿರೋಧಿಗಳ ವಿಭಾಗ,
ಅಮೆರಿಕ ಸರಕಾರ, ವಾಷಿಂಗ್ಟನ್.
(ಇಂಥ ವಿಭಾಗ ಇಲ್ಲವಾದಲ್ಲಿ, ಇರುವ ವಿಭಾಗಕ್ಕೆ.)

ವಿಷಯ: ಕಾಪು ತಾಲೂಕಿನಲ್ಲಿ ತಮ್ಮ ಸರಕಾರದ ಪರವಾಗಿ ಒಬ್ಬರು ಮತ್ತು ವಿರೋಧವಾಗಿ ಒಬ್ಬರು ದುಡಿಯುತ್ತಿದ್ದು, ಇಬ್ಬರನ್ನೂ ಸದರಿ ಕರ್ತವ್ಯದಿಂದ ಬಿಡುಗಡೆಗೊಳಿಸುವ ಬಗ್ಗೆ.

ಉಲ್ಲೇಖ: 1. ‘ಮಟ್ಟು ಬಳಗ’ ವಾಟ್ಸಾಪ್ ಗುಂಪಿನ ಸಂದೇಶಗಳು, ಸುಮಾರು ನಾಲ್ಕು ಸಾವಿರ.
2. ಕಳೆದ ನವರಾತ್ರಿಯ ಹೊಸತು ಊಟ, ಶುರುವಾಗುವ ಮೊದಲೇ ನಿಂತದ್ದು.
3. ಅಮ್ಮನ ಫೋನ್ ಕರೆ, ನಿನ್ನೆ ಬೆಳಿಗ್ಗೆ 10.20.

ಮಾನ್ಯರೇ,

ಅರ್ಜಿದಾರಳು ಇಂದು ಹನ್ನೊಂದು ಗಂಟೆಯ ಸುಮಾರಿಗೆ ಹೂವಪ್ಪ ಎಂಬವರ ಅರ್ಜಿಯ ಮೂರನೇ ಅಂಶವನ್ನು ಟೈಪ್ ಮಾಡುತ್ತಿದ್ದಳು. ಅವರ ದನದ ಕೊಟ್ಟಿಗೆಯ ಕಡೆಗೆ ವಾಲಿರುವ ವಿದ್ಯುತ್ ಕಂಬವನ್ನು ನೇರ ಮಾಡಿಸುವ ವಿಷಯ. “ಸದರಿ ಕಂಬವು” ಎಂಬಲ್ಲಿಗೆ ಬಂದಾಗ ಕೀಬೋರ್ಡಿನ ಪಕ್ಕದಲ್ಲಿದ್ದ ಫೋನು ನಡುಗಲು ಶುರುವಾಯಿತು. ಬಿಡದೆ ನಡುಗಿತು.

“ಯಾರಿಗಾದರೂ ಹುಷಾರಿಲ್ಲವಾ ಅಕ್ಕ?” ಹೂವಪ್ಪ ಕೇಳಿದರು.

“ಹಾಗೇನಿಲ್ಲ. ಅಮೆರಿಕದಲ್ಲಿ ಎಂತದೋ ಹೊಸ ಆದೇಶ ಆಗಿದೆಯಂತೆ.”

“ಅಲ್ಲಿ ನಿಮ್ಮವರು ಉಂಟಾ?”

“ಯಾರೂ ಇಲ್ಲ.”

ಹೂವಪ್ಪ ಸ್ವಲ್ಪ ಯೋಚಿಸಿದರು. “ಹಾಗಾದರೆ ನಮ್ಮ ಕಂಬದ ಹಾಗೆ. ಕಂಬ ನಮ್ಮದಲ್ಲ, ವಾಲುವುದು ಮಾತ್ರ ನಮ್ಮ ಕೊಟ್ಟಿಗೆ ಮೇಲೆ.”

ಅವರು ಆಧಾರ್ ಕಾರ್ಡ್ ಮರೆತು ಬಂದಿದ್ದರಿಂದ ತರಲು ಮನೆಗೆ ಹೋಗಿದ್ದಾರೆ. ಅವರು ಮರಳುವುದರೊಳಗೆ ಅರ್ಜಿದಾರಳು ತನ್ನದನ್ನು ಬರೆಯುತ್ತಿದ್ದಾಳೆ. ಹದಿನಾರು ವರ್ಷ ಬೇರೆಯವರ ಅರ್ಜಿ ಟೈಪ್ ಮಾಡಿದವಳು ತನಗಾಗಿ ಬರೆಯುವುದು ಇದೇ ಮೊದಲಾದ ಕಾರಣ, ತಪ್ಪಿದ್ದರೆ ಮನ್ನಿಸಬೇಕು. ಒಳಗೆ ಬರುವ ಸಂಭಾಷಣೆಗಳೆಲ್ಲ ತುಳುವಿನಲ್ಲಿ ನಡೆದವು. ಕನ್ನಡಕ್ಕೆ ತಂದವಳು ಅರ್ಜಿದಾರಳೇ.

1. ತಮ್ಮ ವಿರೋಧಿಯು ಅರ್ಜಿದಾರಳ ಪತಿ ರಾಮದಾಸ, ನಿವೃತ್ತ ಭೂಗೋಳ ಮಾಸ್ಟ್ರು. ತಮ್ಮ ಐವತ್ತು ರಾಜ್ಯಗಳ ರಾಜಧಾನಿಗಳು ಅವರಿಗೆ ಬಾಯಿಪಾಠ. ತಮ್ಮ ಬೆಂಬಲಿಗರು ಅರ್ಜಿದಾರಳ ಅಣ್ಣ ವಿಜಯೀಂದ್ರ, ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವವರು. ಗಿಡಗಳಿಗೆ ನೀರು ಬಿಟ್ಟು, ಗದ್ದೆಯ ಬದುವಿನ ಮೇಲೆ ಕುಳಿತು ತಮ್ಮ ಸಂಸತ್ತಿನ ಚರ್ಚೆಗಳನ್ನು ಪೂರ್ತಿ ನೋಡುತ್ತಾರೆ. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಇಬ್ಬರೂ ಹೋಗಿರುವ ಅತಿ ದೂರದ ಊರು ಕಾಶಿ. ಅದೂ ಒಟ್ಟಿಗೆ, ಒಂದೇ ಹಾಸಿಗೆ ಚೀಲ ಹಂಚಿಕೊಂಡು.

2. ವ್ಯಾಜ್ಯ ಶುರುವಾದದ್ದು ಗುಂಪಿನಲ್ಲಿ. ಅಣ್ಣನವರು ತಮ್ಮ ದೇಶದ ಒಂದು ಪಕ್ಷದ ಚಿಹ್ನೆ ಆನೆ ಎಂದು ತಿಳಿದು, ವಾಟ್ಸಾಪಿನಲ್ಲಿ ತನ್ನ ಫೋಟೋ ತೆಗೆದು ಆನೆಯ ಚಿತ್ರ ಹಾಕಿದರು. ನೋಡಿದವರು ದೇವಸ್ಥಾನದ ಆನೆ ಎಂದುಕೊಂಡು ಕೈ ಮುಗಿಯುವ ಗುರುತು ಕಳಿಸಿದರು. ಇದನ್ನು ಸಹಿಸದೆ ಪತಿಯವರು ಇನ್ನೊಂದು ಪಕ್ಷದ ಚಿಹ್ನೆಯಾದ ಕತ್ತೆಯನ್ನು ಹಾಕಿಕೊಂಡರು. ಆ ಸಂಜೆ ಅವರ ಮೂವರು ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ, ಸರ್, ನಿಮ್ಮ ಫೋನನ್ನು ಯಾರೋ ಹ್ಯಾಕ್ ಮಾಡಿದ್ದಾರೆ, ಕೂಡಲೇ ಪೊಲೀಸರಿಗೆ ತಿಳಿಸಿ ಎಂದು ಸಲಹೆ ಕೊಟ್ಟರು. ಪತಿಯವರು ಕತ್ತೆಯನ್ನು ತೆಗೆಯಲಿಲ್ಲ. ಅಣ್ಣನವರು ನಗುವ ಮುಖಗಳನ್ನು ಕಳಿಸಿದರು. ಅರ್ಜಿದಾರಳು ಎಣಿಸಿದಂತೆ ಇಪ್ಪತ್ತೆರಡು.

3. ಅಣ್ಣನವರ ವಾದದ ಸಾರ: ತನ್ನ ಮನೆಯ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರ ಸರಕಿಗೆ ಸುಂಕ ಹಾಕಬೇಕು ಎಂಬುದು ಯಜಮಾನನ ಹಕ್ಕು. ಪತಿಯವರ ವಾದದ ಸಾರ: ಊರಿಗೆಲ್ಲ ಬೆದರಿಕೆ ಹಾಕುವವನು ಯಜಮಾನನಲ್ಲ. ಇದರ ಮೇಲೆ ದಿನವಹಿ ಬರೆಯಲಾಗುತ್ತಿದೆ. ಗುಂಪಿನಲ್ಲಿದ್ದ ಮೂವತ್ತನಾಲ್ಕು ಜನರಲ್ಲಿ ಹತ್ತೊಂಬತ್ತು ಜನ ಹೊರಟುಹೋದರು. ಉಳಿದವರಲ್ಲಿ ಹೆಚ್ಚಿನವರಿಗೆ ಹೊರಡುವುದು ಹೇಗೆಂದು ಗೊತ್ತಿಲ್ಲ.

4. ಈಗ ಹೊಸತು ಊಟದ ಬಗ್ಗೆ. ತಮ್ಮಲ್ಲಿ ಈ ಪದ್ಧತಿ ಇರಲಿಕ್ಕಿಲ್ಲವಾದ್ದರಿಂದ ವಿವರಿಸಲಾಗಿದೆ. ನವರಾತ್ರಿಯ ಒಂದು ದಿನ ಹೊಸ ಬೆಳೆಯ ಅಕ್ಕಿಯ ಅನ್ನ ಮಾಡಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಎಲೆಯ ಮೇಲೆ ಅನ್ನ ಬಿದ್ದ ಕೂಡಲೇ ಬಾಯಿಗಿಡುವ ಹಾಗಿಲ್ಲ. ಕುಳಿತವರು ತನಗಿಂತ ಹಿರಿಯರಾದ ಪ್ರತಿಯೊಬ್ಬರ ಕಡೆಗೂ ತಿರುಗಿ “ಹೊಸತು ಉಣ್ಣುತ್ತೇನೆ” ಎಂದು ಹೇಳಬೇಕು. ಹಿರಿಯರು “ಆಯ್ತು” ಎನ್ನಬೇಕು. ಒಬ್ಬರನ್ನೂ ಬಿಡುವಂತಿಲ್ಲ. ವರ್ಷವಿಡೀ ಮಾತು ಬಿಟ್ಟವರೂ ಅಂದು ಅಷ್ಟು ಹೇಳಿ ಉಂಡಿದ್ದಾರೆ. ಗದ್ದೆಯ ಗಡಿಗಾಗಿ ಕೋರ್ಟಿಗೆ ಹೋದ ಇಬ್ಬರು ಚಿಕ್ಕಪ್ಪಂದಿರು ಹಾಗೆ ಉಣ್ಣುವುದನ್ನು ಅರ್ಜಿದಾರಳು ಸಣ್ಣವಳಿದ್ದಾಗ ಕಣ್ಣಾರೆ ನೋಡಿದ್ದಾಳೆ. ಕಾರಣ, ಆ ಜಗಳ ನಮ್ಮ ಊರಿನದ್ದಾಗಿತ್ತು.

5. ಅಣ್ಣನವರು ಪತಿಯವರಿಗಿಂತ ಹನ್ನೊಂದು ತಿಂಗಳು ದೊಡ್ಡವರು. ಕಳೆದ ವರ್ಷ ಮಟ್ಟುವಿನ ಮನೆಯಲ್ಲಿ ಗಂಡಸರ ಪಂಕ್ತಿ ಕುಳಿತಿತ್ತು. ಅರ್ಜಿದಾರಳೂ ಅತ್ತಿಗೆ ಶ್ರೀವಾಣಿಯೂ ಬಡಿಸುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಿನ ಹತ್ತಿರ ಕುರ್ಚಿಯಲ್ಲಿದ್ದರು. ಪತಿಯವರು ಅಮ್ಮನ ಕಡೆಗೆ ತಿರುಗಿ “ಅತ್ತೆ, ಹೊಸತು ಉಣ್ಣುತ್ತೇನೆ” ಎಂದರು. ಅಮ್ಮ “ಆಯ್ತು, ಉಣ್ಣಿ” ಎಂದರು. ಪತಿಯವರು ಅನ್ನಕ್ಕೆ ಕೈ ಹಾಕಿದರು.

“ನನ್ನನ್ನು ಬಿಟ್ಟಿರಿ, ಭಾವ,” ಎಂದರು ಅಣ್ಣನವರು.

“ನಿಮಗೆ ಹೇಳಬೇಕಾ? ಬೆಳಿಗ್ಗೆಯಷ್ಟೇ ಗುಂಪಿನಲ್ಲಿ ನನ್ನನ್ನು ಪಾಠ ಮರೆತ ಮಾಸ್ಟ್ರು ಅಂದಿರಿ.”

“ಅದು ಅಮೆರಿಕದ ವಿಷಯ. ಇದು ಊಟದ ವಿಷಯ.”

“ನಿಮ್ಮ ನಾಯಕರ ಬುದ್ಧಿ ನಿಮಗೂ ಬಂತಲ್ಲ ಭಾವ. ಎಲ್ಲರೂ ಬಾಗಿಲಿಗೆ ಬಂದು ಕೇಳಬೇಕು.”

“ಕೇಳಿದರೆ ಎಂತ ಹೋಗುತ್ತದೆ? ಬಾಯಿ ಸವೆಯುತ್ತದಾ?”

“ನೀವು ಬರೆದದ್ದನ್ನು ಮೊದಲು ಅಳಿಸಿ.”

“ಅಳಿಸುವುದಿಲ್ಲ. ಸುಂಕ ಹಾಕುವುದು ಅವರ ಹಕ್ಕು. ಬೇಕಾದರೆ ಇನ್ನೊಮ್ಮೆ ಬರೆಯುತ್ತೇನೆ.”

ಅತ್ತಿಗೆ ಸಾರಿನ ಪಾತ್ರೆ ಹಿಡಿದು ನಿಂತಿದ್ದರು. “ಅಲ್ಲಿ ಯಾರು ಗೆದ್ದರೂ ಇಲ್ಲಿ ಎಲೆ ಎತ್ತುವವರು ನಾವೇ ಅಲ್ವಾ,” ಎಂದು ಅರ್ಜಿದಾರಳ ಕಿವಿಯಲ್ಲಿ ಹೇಳಿದರು. ಆಗ ನಗು ಬಂದದ್ದು ನಿಜ. ಅಷ್ಟರಲ್ಲಿ ಪತಿಯವರು ಎದ್ದರು. ಎಲೆ ಮಡಚಲಿಲ್ಲ. ಉಣ್ಣದ ಎಲೆಯನ್ನು ಹೇಗೆ ಮಡಚುವುದೆಂದು ಅವರಿಗೂ ಗೊತ್ತಿರಲಿಲ್ಲ.

ಹೆಂಗಸರ ಪಂಕ್ತಿ ಕೂರಲೇ ಇಲ್ಲ. ಸ್ಕೂಟರು ಅಂಗಳದಲ್ಲಿ ಶುರುವಾಗಿತ್ತು. ಅಮ್ಮ ಒಂದು ಸ್ಟೀಲಿನ ಡಬ್ಬಿಗೆ ಹೊಸ ಅನ್ನ ಹಾಕಿ, ಮುಚ್ಚಳ ಒತ್ತಿ, ಅರ್ಜಿದಾರಳ ಸೆರಗಿನೊಳಗೆ ಇಟ್ಟರು. ಕಾಪುವಿಗೆ ಬಂದ ಮೇಲೆ ಅರ್ಜಿದಾರಳು ಅದನ್ನು ಒಲೆಯ ಪಕ್ಕದಲ್ಲಿ ನಿಂತುಕೊಂಡೇ ತಿಂದಳು. ಯಾರಿಗೂ ಹೇಳಲಿಲ್ಲ. ಮನೆಯಲ್ಲಿದ್ದ ಒಬ್ಬರೇ ಹಿರಿಯರಾದ ಪತಿಯವರು ಜಗಲಿಯಲ್ಲಿ ಗುಂಪಿಗೆ ಉತ್ತರ ಬರೆಯುತ್ತಿದ್ದರು. ಹೇಳದೆ ತಿಂದದ್ದು ಪದ್ಧತಿಗೆ ವಿರುದ್ಧ ಎಂದು ಅರ್ಜಿದಾರಳು ಒಪ್ಪಿಕೊಳ್ಳುತ್ತಾಳೆ. ಅನ್ನ ಚೆನ್ನಾಗಿತ್ತು ಎಂಬುದನ್ನೂ ದಾಖಲಿಸುತ್ತಾಳೆ.

6. ಅಂದಿನಿಂದ ಇಂದಿನವರೆಗೆ ಅರ್ಜಿದಾರಳು ತವರಿಗೆ ಹೋಗಿಲ್ಲ. ಕಾಪುವಿನಿಂದ ಮಟ್ಟುವಿಗೆ, ಕಟಪಾಡಿಯಲ್ಲಿ ಬಸ್ಸು ಬದಲಿಸಿದರೂ, ಮುಕ್ಕಾಲು ಗಂಟೆಯ ದಾರಿ. ಈ ಅವಧಿಯಲ್ಲಿ ಅಮ್ಮನನ್ನು ಕಂಡದ್ದು ಎರಡು ಸಲ, ಎರಡೂ ಸಲ ಉಡುಪಿಯ ಕಣ್ಣಿನ ಡಾಕ್ಟರರ ಬೆಂಚಿನಲ್ಲಿ. ಅಮ್ಮನಿಗೆ ಎಂಬತ್ತನಾಲ್ಕು. ಕಣ್ಣಿಗೆ ಮದ್ದು ಬಿಟ್ಟಿದ್ದರಿಂದ ಎರಡನೆಯ ಸಲ ಅವರು ಅರ್ಜಿದಾರಳ ಮುಖವನ್ನು ಕೈಯಿಂದ ಮುಟ್ಟಿ ನೋಡಿದರು.

7. ನಿನ್ನೆ ಅಮ್ಮ ಫೋನ್ ಮಾಡಿದರು (ಉಲ್ಲೇಖ 3).

“ಸುಭಾ, ಗುರುವಾರ ಹೊಸತು. ನಿನ್ನ ಅಣ್ಣ ಯಾರನ್ನೂ ಕರೆಯುವುದಿಲ್ಲವಂತೆ. ನಾನು ಕರೆಯುತ್ತಿದ್ದೇನೆ.”

“ನೋಡುತ್ತೇನೆ ಅಮ್ಮ.”

“ಆ ಅಮೆರಿಕ ಯಾವಾಗ ಮುಗಿಯುತ್ತದೆ ಮಗಾ?”

“ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಚುನಾವಣೆ ಅಮ್ಮ. ಆಗ ಬೇರೆಯವರು ಬರಬಹುದು.”

“ನಾಲ್ಕು ವರ್ಷವಾ,” ಎಂದರು ಅಮ್ಮ.

8. ಅರ್ಜಿದಾರಳು ಕೆಳಹಂತದಲ್ಲಿ ಪ್ರಯತ್ನಿಸದೆ ನೇರವಾಗಿ ತಮ್ಮಲ್ಲಿಗೆ ಬಂದಿದ್ದಾಳೆ ಎಂದು ತಿಳಿಯಬಾರದು. ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಪತಿಯವರಲ್ಲಿ ಕೇಳಲಾಯಿತು. “ಹೋಗುವುದಾದರೆ ಹೋಗು,” ಎಂದರು. “ನಾನು ತಡೆಯುವವನಲ್ಲ, ನಾನು ಪ್ರಜಾಪ್ರಭುತ್ವದವನು. ಭಾವ ಗೆದ್ದರು ಅಂತ ಆಗುತ್ತದೆ, ಅಷ್ಟೇ.” ಸಂಜೆ ಅಣ್ಣನವರಿಗೆ ಫೋನ್ ಮಾಡಲಾಯಿತು. “ನೀನು ಒಬ್ಬಳೇ ಬರುತ್ತೀಯಾ? ಬಾ ಮಾರಾಯ್ತಿ, ಒಂದು ಫೋಟೋ ತೆಗೆದು ಗುಂಪಿನಲ್ಲಿ ಹಾಕುವ. ನನ್ನ ತಂಗಿಯೂ ನನ್ನ ಕಡೆ ಅಂತ ಮಾಸ್ಟ್ರಿಗೆ ಗೊತ್ತಾಗಲಿ.”

ಹೀಗೆ ಅರ್ಜಿದಾರಳು ತಾಯಿಯ ಮನೆಗೆ ಊಟಕ್ಕೆ ಹೋದರೆ ತಮ್ಮ ಸರಕಾರಕ್ಕೆ ಬೆಂಬಲ, ಹೋಗದಿದ್ದರೆ ವಿರೋಧ ಎಂದು ಆಗುತ್ತದೆ. ತಮ್ಮ ದೇಶದಲ್ಲಿ ಮತ ಹಾಕಲು ಅರ್ಜಿದಾರಳಿಗೆ ಹಕ್ಕಿಲ್ಲದಿರುವುದನ್ನು ದಯವಿಟ್ಟು ಗಮನಿಸಬೇಕು.

9. ತಮ್ಮ ನೀತಿ ಮತ್ತು ನಾಯಕತ್ವದ ಬಗ್ಗೆ ಅರ್ಜಿದಾರಳಿಗೂ ಒಂದು ಅಭಿಪ್ರಾಯ ಉಂಟು. ಇದುವರೆಗೆ ಯಾರೂ ಕೇಳಿಲ್ಲವಾದ ಕಾರಣ ಇಲ್ಲಿ ನಮೂದಿಸಿಲ್ಲ.

10. ಇಲ್ಲಿಯವರೆಗೆ ಬರೆದಾಗ ಅಂಗಡಿಯ ಯಜಮಾನ್ತಿ ವೆರೊನಿಕಾ ಬಾಯಿ ಹಿಂದೆ ಬಂದು ನಿಂತು ಪರದೆ ಓದಿದರು.

“ಅಮೆರಿಕಕ್ಕಾ ಸುಭಾಷಿಣಿಯಕ್ಕ? ಅದಕ್ಕೆ ಕೋರ್ಟ್ ಫೀ ಸ್ಟ್ಯಾಂಪ್ ಬೇಕಾಗುತ್ತದಾ?”

“ಗೊತ್ತಿಲ್ಲ ಬಾಯಿ.”

“ಒಟ್ಟಿಗೆ ನಮ್ಮ ಯಜಮಾನರು ಬ್ಯಾಪ್ಟಿಸ್ಟರ ಹೆಸರನ್ನೂ ಸೇರಿಸಿ. ಮೂವತ್ತು ವರ್ಷ ಕುವೈತಿನಲ್ಲಿ ಇದ್ದರು, ಅಲ್ಲಿಯ ಸರಕಾರದ ಬಗ್ಗೆ ಒಂದು ಅಕ್ಷರ ಮಾತಾಡಲಿಲ್ಲ. ಈಗ ಶಿರ್ವದಲ್ಲಿ ಈಸಿಚೇರಿನ ಮೇಲೆ ಕುಳಿತು ಅಮೆರಿಕವನ್ನು ಸರಿ ಮಾಡುತ್ತಿದ್ದಾರೆ. ಕುರ್ಚಿಯ ಬಟ್ಟೆ ಎರಡು ಸಲ ಬದಲಿಸಿದೆ.”

ಅವರ ಪ್ರಕರಣ ಬೇರೆಯಾದ್ದರಿಂದ ಬೇರೆ ಅರ್ಜಿ ಹಾಕಲು ತಿಳಿಸಲಾಗಿದೆ.

ಮೇಲಿನ ಎಲ್ಲ ಕಾರಣಗಳಿಂದ, ಸದರಿ ಇಬ್ಬರಿಗೂ “ತಮ್ಮ ಇದುವರೆಗಿನ ಸೇವೆಯನ್ನು ಗಮನಿಸಲಾಗಿದೆ, ಇನ್ನು ಮುಂದೆ ಅಗತ್ಯವಿಲ್ಲ” ಎಂದು ಒಂದೊಂದು ಸಾಲಿನ ಆದೇಶವನ್ನು ಗುರುವಾರದ ಮೊದಲು ಕಳಿಸಿಕೊಡಬೇಕಾಗಿ ವಿನಂತಿ. ಎರಡು ಆದೇಶಗಳೂ ಒಂದೇ ದಿನ ತಲುಪಬೇಕು. ಒಂದರ ಸಾಲು ಇನ್ನೊಂದಕ್ಕಿಂತ ಉದ್ದ ಇರಬಾರದು. ಇದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಲು ಇಲ್ಲಿ ಜಾಗವಿಲ್ಲ.

ಇಂತಿ,
ತಮ್ಮನ್ನು ಇದುವರೆಗೆ ಬೈಯದ, ಹೊಗಳದ ವಿಶ್ವಾಸಿ,
ಸುಭಾಷಿಣಿ

ಅಡಕಗಳು:
1. ಕತ್ತೆಯ ಚಿತ್ರ, ಕಪ್ಪು ಬಿಳುಪು ಪ್ರತಿ.
2. ಆನೆಯ ಚಿತ್ರ, ಅದೇ ಅಳತೆಯದ್ದು.
3. ಕಾಶಿಯಲ್ಲಿ ಇಬ್ಬರೂ ದೋಣಿಯಲ್ಲಿ ಕುಳಿತಿರುವ ಫೋಟೋ. ನಗುತ್ತಿರುವವರು ಪತಿ, ಅವರ ಹೆಗಲ ಮೇಲೆ ಕೈ ಇಟ್ಟವರು ಅಣ್ಣ. ನೋಡಿದ ಮೇಲೆ ಹಿಂದಿರುಗಿಸಬೇಕು.
4. ಪಾಸ್‌ಪೋರ್ಟ್ ಪ್ರತಿಗಳು: ಇಲ್ಲದ ಕಾರಣ ಲಗತ್ತಿಸಿಲ್ಲ.

ಪ್ರತಿಯನ್ನು ಮಾಹಿತಿಗಾಗಿ: ಯಾರಿಗೂ ಇಲ್ಲ.

ವಿಶೇಷ ಕೋರಿಕೆ: ಬಿಡುಗಡೆಯ ಆದೇಶಕ್ಕೆ ಮೇಲಧಿಕಾರಿಗಳ ಸಹಿ ಬೇಕು, ಗುರುವಾರದೊಳಗೆ ಆಗುವುದಿಲ್ಲ ಎಂದಾದಲ್ಲಿ, ಪರ್ಯಾಯವಾಗಿ ಸಣ್ಣದೊಂದು ಸಹಾಯ. ಅಂದು ಭಾರತೀಯ ಕಾಲಮಾನ ಬೆಳಿಗ್ಗೆ ಎಂಟೂವರೆಗೆ ತಮ್ಮ ಸರಕಾರದಿಂದ ಒಂದು ಹೊಸ ಆದೇಶ ಹೊರಡಿಸಬೇಕು. ಸುಂಕ, ವೀಸಾ, ಯಾವುದಾದರೂ ಆದೀತು. ತಮ್ಮಲ್ಲಿ ಆಗ ಬುಧವಾರ ರಾತ್ರಿ ಹನ್ನೊಂದು ಗಂಟೆ ಎಂದು ಪತಿಯವರಿಂದ ತಿಳಿದಿದ್ದು, ತೊಂದರೆಗಾಗಿ ವಿಷಾದವಿದೆ. ಆದೇಶ ಬಂದರೆ ಪತಿಯವರು ಜಗಲಿಯಲ್ಲಿ ಫೋನಿನಿಂದ ತಲೆ ಎತ್ತುವುದಿಲ್ಲ, ಅರ್ಜಿದಾರಳು ಅವರ ಮುಂದಿನಿಂದಲೇ ಇಳಿದು ಎಂಟು ಐವತ್ತರ ಬಸ್ಸು ಹಿಡಿಯಬಹುದು. ಅಣ್ಣನವರೂ ಅದೇ ಹೊತ್ತಿಗೆ ಗದ್ದೆಯಲ್ಲಿ ಉತ್ತರ ಬರೆಯುತ್ತಿರುವುದರಿಂದ ಫೋಟೋ ತೆಗೆಯುವವರು ಯಾರೂ ಇರುವುದಿಲ್ಲ. ಅರ್ಜಿದಾರಳು ಅಮ್ಮನ ಪಕ್ಕದಲ್ಲಿ ಕುಳಿತು, ಅಮ್ಮನಿಗೆ ಹೇಳಿ, ಹೊಸತು ಉಣ್ಣುತ್ತಾಳೆ. ಈ ವಿಷಯವನ್ನು ಪತಿಯವರಿಗಾಗಲಿ, ಅತ್ತಿಗೆಗಾಗಲಿ, ಸ್ವತಃ ಅಮ್ಮನಿಗಾಗಲಿ ತಿಳಿಸಿರುವುದಿಲ್ಲ. ತಾವೂ ಗುಪ್ತವಾಗಿಡಬೇಕು.

ಅಂದು ಆದೇಶ ಹೊರಡಿಸಲು ಅನಾನುಕೂಲವಾದಲ್ಲಿ ತಾವು ಕಷ್ಟಪಡುವುದು ಬೇಡ. ಅರ್ಜಿದಾರಳು ಹೇಗೂ ಹೋಗುವವಳಿದ್ದಾಳೆ.