ಮಿಲ್ಲಿಮೀಟರ್ ಕೊರೆದ ಕೋಲು

ಕಾರ್ಖಾನೆ ಮುಚ್ಚುವುದು ಖಾತ್ರಿಯಾದ ಮೇಲೆ ಉಳಿದದ್ದು ಒಂದೇ ಕೆಲಸ, ಮಾಲೀಕರು ಮಾರಲೊಪ್ಪದ ಬಿಲಿಯರ್ಡ್ಸ್ ಕೋಣೆಯನ್ನು ನೋಡಿಕೊಳ್ಳುವುದು. ಅದಕ್ಕೆ ಬಾಯಿ ಬಿಟ್ಟವರು ಇಬ್ಬರು. ಒಬ್ಬ, ಲೇತ್ ಯಂತ್ರದ ಮುಂದೆ ಇಪ್ಪತ್ತು ವರ್ಷ ಸವೆದ, ಎಲ್ಲರೂ ಮಿಲ್ಲಿಮೀಟರ್ ಎಂದು ಕರೆಯುವ ನಮ್ಮ ಕಥಾನಾಯಕ. ಇನ್ನೊಬ್ಬ ಅವನ ಹೆಂಡತಿಯ ತಮ್ಮ, ಪ್ಯಾಕಿಂಗ್ ವಿಭಾಗದವನು. "ಮಧ್ಯಾಹ್ನ ಆಡಿ. ಗೆದ್ದವನಿಗೆ ಕೆಲಸ," ಎಂದು ಮ್ಯಾನೇಜರು ಕೈತೊಳೆದುಕೊಂಡರು.

ಇಷ್ಟು ದಿನ ಅಲ್ಲಿ ಆಡಿದ ಆಟಗಳಲ್ಲೆಲ್ಲ ಮಿಲ್ಲಿಮೀಟರನದೇ ಮೇಲುಗೈ. ಸುತ್ತು ಕೊಡಲೆಂದು ಚೆಂಡಿನ ಬದಿಗೆ ಹೊಡೆದರೆ ಅಲ್ಲಿಯ ದಪ್ಪ ತುದಿಯ ಕೋಲುಗಳು ಅದನ್ನು ಗುರಿಯಿಂದ ಒಂದು ಬೆರಳು ಆಚೆಗೆ ತಳ್ಳುತ್ತಿದ್ದವು. ಇವನು ಅದನ್ನರಿತು ಒಂದು ಬೆರಳು ಈಚೆಗೇ ಗುರಿಯಿಡುತ್ತಿದ್ದ. ಭಾವಮೈದುನ ನೇರ ಗುರಿಯಿಟ್ಟು, ಪ್ರತಿಸಲ ತಪ್ಪಿ, ಮೇಜಿನ ಮೇಲೆ ಗೂಬೆ ಕೂರಿಸುತ್ತಿದ್ದ.

ಆದರೂ ಬೆಳಿಗ್ಗೆಯಿಂದ ಜೊತೆಯವರು ತಲೆ ತಿಂದಿದ್ದರು.

"ತಮ್ಮನನ್ನ ಸೋಲಿಸಿದ್ರೆ ಹೆಂಡ್ತಿ ಮನೆಗೆ ಸೇರಿಸ್ತಾಳಾ?" ಎಂದ ವೆಲ್ಡರ್.

"ಅವನು ಮೂರು ದಿನದಿಂದ ಅಭ್ಯಾಸ ಮಾಡ್ತಿದಾನೆ ಕಣಯ್ಯ," ಎಂದ ಕಾವಲುಗಾರ.

ಈ ವಯಸ್ಸಿನಲ್ಲಿ ತನ್ನನ್ನು ಬೇರೆಲ್ಲೂ ಕರೆಯುವವರಿಲ್ಲ ಎಂಬುದು ಮಿಲ್ಲಿಮೀಟರನಿಗೆ ಗೊತ್ತಿತ್ತು. ಊಟದ ಹೊತ್ತಿಗೆ ಭಾವಮೈದುನನ ಕೋಲನ್ನು ಲೇತಿನ ಹತ್ತಿರ ಕದ್ದೊಯ್ದು, ತುದಿಯ ಚರ್ಮದ ಬಿಲ್ಲೆ ಕಿತ್ತು, ಒಳಗೆ ಅರ್ಧ ಗೇಣು ತೂತು ಕೊರೆದು, ಬಿಲ್ಲೆಯನ್ನು ಮತ್ತೆ ಅಂಟಿಸಿಟ್ಟ. ಟೊಳ್ಳು ಕೋಲು ಚೆಂಡನ್ನು ದಿಕ್ಕಾಪಾಲು ಮಾಡುತ್ತದೆಂದು ಅವನ ನಂಬಿಕೆ.

ಮ್ಯಾನೇಜರ ಮುಂದೆ ಆಟ ಶುರುವಾಯಿತು. ಭಾವಮೈದುನ ಎಂದಿನಂತೆ ನೇರ ಗುರಿಯಿಟ್ಟು ಬದಿಗೆ ಹೊಡೆದ. ಚೆಂಡು ಗಿರಗಿರ ಸುತ್ತುತ್ತಾ ಗುರಿಗೇ ಹೋಗಿ ಎದುರಿನದನ್ನು ಪಾಕೆಟ್ಟಿಗೆ ಉರುಳಿಸಿತು. ಮತ್ತೊಂದು ಹೊಡೆತ, ಅದೂ ಹಾಗೆಯೇ. ಮಿಲ್ಲಿಮೀಟರ್ ಬೆವರಿಳಿಸಿಕೊಂಡು ಸರಿಸಮ ಬರುವಷ್ಟರಲ್ಲಿ ಮೇಜಿನ ಮೇಲೆ ಒಂದೇ ಚೆಂಡು ಉಳಿದಿತ್ತು. ಕೊರೆದವನು ನಾನು, ಲಾಭ ಇವನಿಗೇ ಎಂದು ಅವನ ಮೈ ಉರಿಯಿತು.

"ಸರ್, ಕೋಲು ಅದಲುಬದಲು ಮಾಡ್ಕೋತೀವಿ," ಎಂದ.

"ತಗೊಳ್ಳಿ ಭಾವ, ಅದಕ್ಕೇನಂತೆ," ಎಂದ ಭಾವಮೈದುನ.

ಮಿಲ್ಲಿಮೀಟರ್ ಬಗ್ಗಿದ. ಇಪ್ಪತ್ತು ವರ್ಷದ ರೂಢಿ, ಕೈ ತಾನಾಗಿ ಒಂದು ಬೆರಳು ಈಚೆಗೆ ಗುರಿಯಿಟ್ಟಿತು. ಕೋಲು ಚೆಂಡನ್ನು ಆಚೆಗೆ ತಳ್ಳಲೇ ಇಲ್ಲ. ಚೆಂಡು ಒಂದು ಬೆರಳು ಈಚೆಗೇ ಹೋಗಿ ಮೇಜಿನ ಅಂಚಿಗೆ ಬಡಿಯಿತು, ಬಿಲ್ಲೆ ಕಿತ್ತು ಹಾರಿತು. ಭಾವಮೈದುನ ಹೊಸ ಕೋಲಿಗೆ ಹೆದರಿ, ಸುತ್ತಿನ ಗೋಜಿಗೇ ಹೋಗದೆ ನಟ್ಟನಡುವೆ ಹೊಡೆದು ಗೆದ್ದ.

ಮ್ಯಾನೇಜರು ಕೋಲಿನ ತುದಿಯ ತೂತಿನೊಳಗೆ ಇಣುಕಿದರು. "ಯಾರು ಕೊರೆದಿದ್ದು?"

"ನಾನಂತೂ ಅಲ್ಲ ಸರ್," ಎಂದ ಮಿಲ್ಲಿಮೀಟರ್.

"ನಮ್ಮ ಭಾವ ಅಂಥವರಲ್ಲ ಸರ್," ಎಂದ ಭಾವಮೈದುನ ಪ್ರೀತಿಯಿಂದ. "ಇಷ್ಟು ನಾಜೂಕು ಕೆಲಸ ಅವರ ಕೈಲಿ ಆಗೋದೂ ಇಲ್ಲ."

"ಅಯ್ಯೋ," ಎಂದರು ಹಳೆಯ ಆಟಗಾರರಾದ ಮ್ಯಾನೇಜರು. "ತುದಿ ಹಗುರಾದ್ರೆ ಚೆಂಡು ಸುತ್ತಿದ್ರೂ ದಾರಿ ತಪ್ಪಲ್ಲ. ಇಂಥ ಕೋಲು ಮಾಡೋನು ಬೇಕು ಅಂತ ಮಾಲೀಕರು ವರ್ಷದಿಂದ ಹುಡುಕ್ತಿದಾರೆ. ಸಿಕ್ಕಿದ್ರೆ ಇವತ್ತೇ ಇಟ್ಕೋತಿದ್ರು."

ಮಿಲ್ಲಿಮೀಟರ್ ಬಾಯಿ ತೆರೆದ. ವೆಲ್ಡರ್, ಕಾವಲುಗಾರ, ಭಾವಮೈದುನ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಜೇಬಿನಲ್ಲಿದ್ದ, ಕೋಲು ಕೊರೆದ ಡ್ರಿಲ್ಲಿನ ಮುಳ್ಳನ್ನು ಬಿಗಿಯಾಗಿ ಹಿಡಿದುಕೊಂಡು, ಬಾಯಿ ಮುಚ್ಚಿದ.